ಶಿಲ್ಪಗಳಿಗೆ ಹೊಲಿದ ಬಿಳಿ ಕೌದಿ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಉಳಿದ ಅನ್ನಕ್ಕೆ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿ ಇವರ ಡಬ್ಬಿಗೆ ತುಂಬಿದೆ. ಎಸಿಯ ಜಾಲರಿ ಬಿಚ್ಚಿ ತೊಳೆದು ಗೋಡೆಗೆ ಆನಿಸಿಟ್ಟೆ. ಕೆಳಗಿನ ಕೋಲ್ಡ್ ಸ್ಟೋರಿಗೆ ಇಳಿದು ಮೊಸರು, ಕೊತ್ತಂಬರಿ ತಂದೆ. ಬಹರೇನಿನಲ್ಲಿ ಮೂಲೆಯಂಗಡಿಗೆ ಕೋಲ್ಡ್ ಸ್ಟೋರ್ ಎಂದೇ ಹೆಸರು. ಗದಗಿಗೆ ಫೋನ್ ಮಾಡಿ ಅತ್ತೆಯ ಮೊಣಕಾಲಿನ ಸಮಾಚಾರ ಕೇಳಿದೆ. "ಮೊಣಕಾಲು ಇದ್ದಂಗ ಐತಿ. ನೀ ಕೌದಿ ಬಿಸಲಿಗೆ ಹಾಕಿದೇನು?" ಎಂದು ಅವರೇ ತಿರುಗಿ ಕೇಳಿದರು. ಚಳಿ ಶುರುವಾಗುವ ಮೊದಲು ಪ್ರತಿ ವರ್ಷ ಕೇಳುತ್ತಾರೆ. ಫೋನಿಟ್ಟವಳೇ ಟ್ರಂಕಿನಿಂದ ಕೌದಿ ತೆಗೆದು ಬಾಲ್ಕನಿಯ ಕಂಬಿಯ ಮೇಲೆ ಹರವಿದೆ.

ನುಸಿಗುಳಿಗೆಯ ವಾಸನೆ ಮೊದಲು ಎದ್ದಿತು. ಬಿಸಿಲು ಏರಿದ ಮೇಲೆ ಅದರ ಅಡಿಯಿಂದ ಹಳೆಯ ಅರಿವೆಯ ವಾಸನೆ, ಅದಕ್ಕೂ ಅಡಿಯಿಂದ ಬೆಲ್ಲದ್ದೋ ಎನ್ನುವಂಥ ಒಂದು ಎಳೆ. ಕೌದಿಯ ನಟ್ಟನಡುವೆ ಕೈಯಾಡಿಸಿದರೆ ಸಣ್ಣದೊಂದು ಗಂಟು ಬೆರಳಿಗೆ ಹತ್ತುತ್ತದೆ. ಅದನ್ನು ಮುಟ್ಟಿದೆನೆಂದರೆ ನನಗೆ ಸ್ಮಿತಾ ಹತ್ತನೆಯ ತರಗತಿಯಲ್ಲಿದ್ದ ವರ್ಷದ ಆ ಸೆಕೆಗಾಲ ತಪ್ಪದೆ ನೆನಪಾಗುತ್ತದೆ.

ಆಗಲೂ ಮನಾಮಾದ ಜಿಂಜ್ ಬಡಾವಣೆಯ ಇದೇ ಮನೆ. ಇವರು ಮೀನಾ ಸಲ್ಮಾನ್ ಬಂದರಿನ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಸೂಪರ್‌ವೈಸರ್. ಮನೆ ಸಾಮಾನು, ಯಂತ್ರದ ಬಿಡಿಭಾಗ, ಹೋಟೆಲಿನ ಗಾಜು, ಯಾವುದೇ ಇರಲಿ, ಪೆಟ್ಟಿಗೆ ಹೊಡೆಸಿ ಹಡಗಿಗೋ ವಿಮಾನಕ್ಕೋ ಏರಿಸುವುದು ಅವರ ಕೆಲಸ. ಅತ್ತೆ ಆ ವರ್ಷ ವಿಸಿಟ್ ವೀಸಾದಲ್ಲಿ ಬಂದಿದ್ದರು. ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುವಷ್ಟು ಹಸಿ ಸೆಕೆ. ಒಳಗೆ ಎಸಿಯ ಚಳಿ. ಸುಮ್ಮನೆ ಕೂತು ಗೊತ್ತಿಲ್ಲದ ಅವರು ಊರಿಂದ ತಂದ ಹಳೆಯ ಸೀರೆಗಳನ್ನು ಹರಿದು ಮೊಮ್ಮಗಳಿಗೆಂದು ಕೌದಿ ಹಾಕಲು ಕೂತರು. ಕೆಂಪು, ಹಸಿರು, ಅರಿಸಿನ ಬಣ್ಣದ ತುಂಡುಗಳು ಹಾಲಿನ ತುಂಬ. ನಾನು ದಾವಣಗೆರೆ ಪೇಟೆಯವಳು. ನಮ್ಮ ತವರಿನಲ್ಲಿ ಕಂಬಳಿ ಕೊಳ್ಳುತ್ತಿದ್ದರು, ಕೌದಿ ಹೊಲಿಯುತ್ತಿರಲಿಲ್ಲ. ಮಶಿನ್ ಹೊಲಿಗೆ ಬರುತ್ತಿತ್ತೇ ಹೊರತು ಆ ಉದ್ದನೆಯ ಸೂಜಿಯ ಓಟ ನನಗೆ ಹೊಸದು.

ಒಂದು ಸಂಜೆ ಇವರು ಕೆಲಸದಿಂದ ಬಂದು ಬೂಟು ಕಳಚದೆ ಸೋಫಾದಲ್ಲಿ ಕೂತರು. ಚಹ ಕೊಟ್ಟೆ. ಕುಡಿಯಲಿಲ್ಲ.

"ಏನಾಯ್ತ್ರೀ?"

"ಮೂರ್ತಿ ಕೆಟ್ಟಾವ," ಎಂದರು.

ಬಿಡಿಬಿಡಿಯಾಗಿ ಹೇಳಿದರು. ಮನಾಮಾದ ಒಂದು ದೊಡ್ಡ ಹಾಲಿನಲ್ಲಿ ಶಿಲ್ಪಗಳ ಪ್ರದರ್ಶನವಿತ್ತು. ಲಿಥುವೇನಿಯಾ ಎಂಬ ದೇಶದಲ್ಲಿ ಹುಟ್ಟಿ ಹೊರದೇಶಗಳಲ್ಲಿ ಹೆಸರಾದ ಹಿಂದಿನ ಕಾಲದ ಶಿಲ್ಪಿಗಳ ಚಿಕ್ಕ ಚಿಕ್ಕ ಕೃತಿಗಳು. ಯಾರೋ ಒಬ್ಬರು ಜೀವಮಾನವಿಡೀ ಕೂಡಿಸಿದ್ದು. ಬಂದರಿನಿಂದ ಹಾಲಿಗೆ ಸಾಗಿಸುವುದು, ಮುಗಿದ ಮೇಲೆ ಮತ್ತೆ ಪೆಟ್ಟಿಗೆಗೆ ಹಾಕಿ ಮುಂದಿನ ಊರಿಗೆ ಕಳಿಸುವುದು ಇವರ ಕಂಪನಿಯ ಪಾಲಿಗೆ ಬಂದಿತ್ತು. ಬಂದರಿನಲ್ಲಿ ತಪಾಸಣೆಗೆ ಪೆಟ್ಟಿಗೆ ತೆಗೆಸಿ ಮೊದಲಿನ ಸುತ್ತು ಕಿತ್ತುಹಾಕಿದ್ದರಿಂದ, ಹುಷಾರಾಗಿರಲಿ ಎಂದು ಇವರೇ ನಿಂತು ಕಂಚಿನ ಮೂರ್ತಿಗಳ ಮೈಗೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿಸಿದ್ದರು. ಗೇಟಿನಲ್ಲಿ ಕಾಗದಪತ್ರಕ್ಕೆ ತಡವಾಗಿ ಲಾರಿ ಬಿಸಿಲಿನಲ್ಲಿ ನಿಂತಿತು. ಕಂಚಿನ ಮೇಲೆ ಮೇಣದ ಪದರ ಇರುತ್ತದಂತೆ. ಪ್ಲಾಸ್ಟಿಕ್ ಅದಕ್ಕೆ ಅಂಟಿತು. ಬಿಚ್ಚಿದಾಗ ಮೂರ್ತಿಯ ಬೆನ್ನ ಮೇಲೆಲ್ಲ ದುಂಡುದುಂಡನೆಯ ಕಲೆ.

"ಅವ್ವಾ, ಮೂರ್ತಿಗೆ ಸಿಡುಬು ಎದ್ದಂಗ ಆಗಿತ್ತು," ಎಂದು ಅತ್ತೆಯ ಕಡೆ ತಿರುಗಿ ಹೇಳಿದರು.

ಶಿಲ್ಪಗಳ ಜೊತೆ ಬಂದ ಹೆಂಗಸು ರೂತಾ, ಅವರೂ ಆ ದೇಶದವರೇ, ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದರು ಇವರು. ಕಲೆಗಳನ್ನು ತಾನೇ ತೆಗೆಯಬಲ್ಲೆ, ಆದರೆ ಹೊರಡುವಾಗ ಪ್ಲಾಸ್ಟಿಕ್ ಇಲ್ಲದೆ, ಬಣ್ಣವಿಲ್ಲದ ಮೆತ್ತನೆಯ ಹತ್ತಿಯಲ್ಲಿ ಪ್ಯಾಕ್ ಆಗಬೇಕು. ಅದನ್ನು ನೋಡಿದ ಮೇಲೆಯೇ ಈ ಕಂಪನಿಯ ಬಗ್ಗೆ ತನ್ನ ಮಾತು ಹೇಳುತ್ತೇನೆ ಎಂದಿದ್ದರು. ಇವರ ಅರಬಾಬ್, ಎಂದರೆ ಕಂಪನಿಯ ಮಾಲಿಕರು, ಒಳಗೆ ಕರೆದು, "ಆಕೆ ಒಳ್ಳೆಯ ಮಾತು ಹೇಳಿದರೆ ನೀನು ಇರು. ಇಲ್ಲವಾದರೆ ವೀಸಾ ಕ್ಯಾನ್ಸಲ್," ಎಂದಿದ್ದರು. ಸ್ಮಿತಾಳ ಬೋರ್ಡ್ ಪರೀಕ್ಷೆ ಮಾರ್ಚಿನಲ್ಲಿ. ನಡುವರ್ಷದಲ್ಲಿ ಗಂಟುಮೂಟೆ ಕಟ್ಟಿದರೆ ಹುಡುಗಿ ಎಲ್ಲಿ ಕೂತು ಪರೀಕ್ಷೆ ಬರೆಯಬೇಕು? ಇವರು ಅವಳ ಕೋಣೆಯ ಬಾಗಿಲು ನೋಡಿದರು, ಅಷ್ಟೇ.

"ಹತ್ತಿ ಅರಿವಿ ಇಲ್ಲಿ ಸೂಕ್ ಬಜಾರದಾಗ ಸಿಗೂದಿಲ್ಲೇನು?" ಅತ್ತೆ ಕೇಳಿದರು.

"ಹೊಸಾ ಅರಿವಿಗೆ ಗಂಜಿ, ಔಷಧ ಎಲ್ಲಾ ಹಾಕಿರ್ತಾರ. ಆಕಿ ಒಲ್ಲೆ ಅಂದ್ಲು. ಹೊರಗಿಂದ ತರಸಾಕ ಟೈಮ್ ಇಲ್ಲ."

ನಾನು ಅತ್ತೆಯ ಮಡಿಲಲ್ಲಿದ್ದ ಕೌದಿ ನೋಡಿದೆ. "ಇದು ಮೆತ್ತಗಿಲ್ಲೇನ್ರೀ?"

"ಶಿಲ್ಪಕ್ಕ ಕೌದಿ ಹೊಚ್ಚತೀಯೇನು? ಮೈಯಾಗ ಹುಷಾರು ಇಲ್ಲಂತ ಅದಕ್ಕ?" ಎಂದು ಇವರು ನಕ್ಕರು. ಆ ದಿನದ ಮೊದಲ ನಗು ಅದು. ನನಗೆ ಸಿಟ್ಟು ಬಂತು, ಹಟವೂ ಬಂತು.

ಮರುದಿನ ಕೌದಿಯನ್ನು ಚೀಲಕ್ಕೆ ಹಾಕಿಕೊಂಡು ಇವರ ಜೊತೆ ನಾನೇ ಹಾಲಿಗೆ ಹೋದೆ. ರೂತಾ ನನ್ನದೇ ವಯಸ್ಸಿನವರಿರಬೇಕು. ಕುಳ್ಳಗೆ, ನರೆಗೂದಲು ಗಿಡ್ಡ, ಮಣಿಕಟ್ಟಿನ ತನಕ ಬಿಳಿ ಕೈಗವಸು. ಕೌದಿಯ ಮೇಲೆ ಅಂಗೈ ಒತ್ತಿ ನೋಡಿದರು, ಮಡಚಿದರು, ಕೆನ್ನೆಗೆ ತಾಗಿಸಿದರು. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಒಂದು ಕೆಂಪು ತುಂಡನ್ನು ಉಜ್ಜಿದರು. ಬಟ್ಟೆ ಕುಂಕುಮದಂತಾಯಿತು. ಅದನ್ನು ನನಗೆ ತೋರಿಸಿದರು.

"ಬಿಳಿಯದು?" ಎಂದೆ. "ಹಳೆಯ ಬಿಳಿ ಹತ್ತಿ, ನೂರು ಸಲ ತೊಳೆದದ್ದು?"

ಅವರು ಒದ್ದೆ ಬಟ್ಟೆಯನ್ನು ಮಡಚಿಡುತ್ತ, "ಗಂಜಿ ಇರಬಾರದು. ಗಂಜಿ ಹುಳುವಿಗೆ ಊಟ. ನನ್ನಲ್ಲಿ ಮರದ ಶಿಲ್ಪವಿದೆ," ಎಂದರು. ಕೈಹಿಡಿದು ಒಳಗೆ ಕರೆದೊಯ್ದು ತೋರಿಸಿದರು. ಮೊಣಕಾಲಿಗೆ ಗಲ್ಲವೂರಿ ಕೂತ ಒಬ್ಬ ಹೆಂಗಸು, ಮೊಳದುದ್ದ. ಪಕ್ಕದಲ್ಲಿ ಕಲ್ಲಿನಲ್ಲಿ ಒಂದು ಮಗುವಿನ ತಲೆ, ಉಳಿಯ ಗೀರುಗಳನ್ನು ಹಾಗೆಯೇ ಬಿಟ್ಟದ್ದು. ಅದರಾಚೆ ಕಂಚಿನಲ್ಲಿ ವಾದ್ಯ ಹಿಡಿದ ಒಬ್ಬ ಗಂಡಸು, ಮೈಯೆಲ್ಲ ಮೂಲೆಮೂಲೆ, ಮಡಚಿದ ರಟ್ಟಿನ ಹಾಗೆ. ಅವನ ಬೆನ್ನಿಗೇ ಸಿಡುಬು ಎದ್ದದ್ದು.

ಅವತ್ತೇ ಸಂಜೆ ಎದುರುಮನೆಯ ಝೊಹರಾಳ ಬಾಗಿಲು ತಟ್ಟಿದೆ. ಮಂಗಳೂರಿನ ಬ್ಯಾರಿ ಹೆಣ್ಣುಮಗಳು. ಕೆಳಗಿನ ಕೋಲ್ಡ್ ಸ್ಟೋರ್ ಅವಳ ಗಂಡ ಹಮೀದರದು.

"ಎಂತ ಸುಮಿತ್ರಕ್ಕಾ, ಹಳೇ ಮುಂಡು ಬೇಕಾ? ನಮ್ಮವರದ್ದು ಉಂಟು ರಾಶಿ. ಬಿಸಾಡ್ಲಿಕ್ಕೆ ಬಿಡುದಿಲ್ಲ, ಉಡುದೂ ಇಲ್ಲ. ನೀವು ತೆಕ್ಕೊಂಡು ಹೋಗಿ ಮಾರಾಯ್ರೆ, ಪುಣ್ಯ ಬರ್ತದೆ."

"ಹಮೀದಣ್ಣ ಏನೂ ಅನ್ನಲ್ವಾ?"

"ಅವರು ಅಂಗಡಿಯಲ್ಲಿ ಇದ್ದಾರೆ. ಬರುವಷ್ಟರಲ್ಲಿ ನೀವು ಕತ್ತರಿ ಹಾಕಿ ಆಗಬೇಕು, ಅಷ್ಟೆ."

ಮುಂಡುಗಳು ಬಂದವು. ನಮ್ಮವರ ಧೋತರಗಳು, ಮಹಡಿಯ ಮಲಯಾಳಿಗಳ ಮನೆಯ ಬಿಳಿ ದುಪ್ಪಟಿಗಳು ಬಂದವು. ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಹಿಂಡಿ, ಮತ್ತೆ ಕುದಿಸಿ ಗಂಜಿ ತೆಗೆದೆ. ಬಾಲ್ಕನಿ ಸಾಲದೆ ಸ್ಮಿತಾಳ ಓದುವ ಮೇಜಿನ ಮೇಲೂ ಹರವಿದೆವು. "ಅಮ್ಮಾ, ದಿಸ್ ಈಸ್ ನಾಟ್ ಎ ಹೌಸ್, ದಿಸ್ ಈಸ್ ಎ ಧೋಬಿ ಘಾಟ್," ಎಂದು ಅವಳು ಕೆಮಿಸ್ಟ್ರಿ ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಅಳತೆ ನನ್ನದು, ಕತ್ತರಿ ನನ್ನದು, ಹೊಲಿಗೆ ಅತ್ತೆಯದು. ಪದರದ ಮೇಲೆ ಪದರ ಹಾಸಿ ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ನಡುವಿಗೆ ಬರುವುದು ಅವರ ಕ್ರಮ. ನಾನೂ ಕಲಿತೆ, ಝೊಹರಾಳೂ ಕಲಿತಳು. "ನನ್ನ ಗೆರೆ ಸೊಟ್ಟ, ಅಜ್ಜಿ," ಎಂದರೆ ಅತ್ತೆ, "ಸೊಟ್ಟ ಇದ್ರೂ ಹಾದಿ ಹಾದೀನ, ಊರು ಮುಟ್ಟತದ ನಡಿ," ಎನ್ನುತ್ತಿದ್ದರು. ನಡುವಿಗೆ ಬಂದಾಗ ಮಾತ್ರ ಸೂಜಿಯನ್ನು ನಮ್ಮ ಕೈಯಿಂದ ತೆಗೆದುಕೊಳ್ಳುತ್ತಿದ್ದರು. "ಮುಗಸೂದು ನಾ ಮುಗಸ್ತೀನಿ." ಹಿರಿಯರು, ಕಡೆಯ ಗಂಟು ಗಟ್ಟಿ ಬೀಳಲಿ ಎಂದಿರಬೇಕು ಎಂದುಕೊಂಡೆ.

ಒಂದು ಶುಕ್ರವಾರ ರೂತಾ ಕೆಲಸ ನೋಡಲು ಮನೆಗೆ ಬಂದರು. ನೆಲದ ಮೇಲೆ ಅತ್ತೆಯ ಎದುರಿಗೇ ಕೂತರು. ಹೊಲಿಗೆಗಳ ಮೇಲೆ ಬೆರಳಾಡಿಸುತ್ತ, ಯಾವ ಕೌದಿ ಯಾರ ಕೃತಿಗೆ ಎಂದು ಹೇಳತೊಡಗಿದರು. ಸ್ಮಿತಾ ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದಳು. ಕಲ್ಲಿನ ಮಗುವನ್ನು ಮಾಡಿದವರು ನದಿಯ ದಂಡೆಯ ಸಣ್ಣ ಊರಿನವರು. ಎಳೆಯದರಲ್ಲೇ ಮನೆಯವರು ಅಮೆರಿಕಕ್ಕೆ ಕರೆದೊಯ್ದರು. ಮಣ್ಣಿನ ಮಾದರಿ ಮಾಡಿಕೊಳ್ಳದೆ ನೇರವಾಗಿ ಕಲ್ಲಿಗೇ ಉಳಿ ಇಡುತ್ತಿದ್ದರು. ಮೂಲೆಮೂಲೆಯ ಕಂಚಿನವನನ್ನು ಮಾಡಿದವರು ಪ್ಯಾರಿಸಿಗೆ ಹೋಗಿ ಹೆಸರಾದರು; ಯುದ್ಧ ಬಂತು, ಯಹೂದಿಗಳಾದ್ದರಿಂದ ಎಲ್ಲ ಬಿಟ್ಟು ಸಮುದ್ರ ದಾಟಿದರು. ಅಲ್ಲಿ ಮತ್ತೆ ಕಟ್ಟಿಕೊಂಡ ಕೆಲಸದ ಮನೆಗೆ ಬೆಂಕಿ ಬಿತ್ತು. ಮತ್ತೆ ಮೊದಲಿನಿಂದ ಶುರುಮಾಡಿದರು. ಮರದ ಹೆಂಗಸನ್ನು ಕೆತ್ತಿದವರು ಚಿಕ್ಕಂದಿನಲ್ಲಿ ಮರಗೆತ್ತನೆಯ ಅಂಗಡಿಯಲ್ಲಿ ಕೂಲಿಗಿದ್ದರು; ಮುಪ್ಪಿನಲ್ಲಿ ಪರದೇಶದಲ್ಲೇ ತೀರಿಕೊಂಡರು.

ಅತ್ತೆ ಸೂಜಿ ನಿಲ್ಲಿಸಿ ಕೇಳಿದರು. "ಅಲ್ರಿ ಬಾಯಾರ, ಇವರು ಯಾರೂ ತಿರುಗಿ ಊರಿಗೆ ಹೋಗಲಿಲ್ಲೇನು?"

ಸ್ಮಿತಾ ಕೇಳಿ ಹೇಳಿದಳು: "ಇರಲಿಕ್ಕೆ ಅಂತ ಯಾರೂ ಹೋಗ್ಲಿಲ್ಲವಂತೆ, ಅಜ್ಜಿ."

"ಮತ್ತ ಇವು? ಇವರ ಮೂರ್ತಿ?"

"ಇವೂ ಊರೂರು ತಿರುಗ್ತಾನೇ ಇರ್ತಾವಂತೆ."

ಅತ್ತೆ "ಅಯ್ಯ ಶಿವನೇ" ಎಂದರು. ಮತ್ತೆ ಸೂಜಿ ಹಿಡಿದರು. ಅವರ ಮುಖದಲ್ಲಿ ಆಗ ಏನೋ ನಿಶ್ಚಯವಾದಂತೆ ಕಂಡದ್ದು ನಿಜ. ಏನೆಂದು ನಾನು ಕೇಳಲಿಲ್ಲ.

ಪ್ರದರ್ಶನ ಮುಗಿಯಲು ಇನ್ನೂ ಹತ್ತು ಹನ್ನೆರಡು ದಿನ ಇರುವಾಗಲೇ ಕೌದಿಗಳೆಲ್ಲ ಮುಗಿದವು. ಮಡಚಿ ಅಲಮಾರಿಯಲ್ಲಿಟ್ಟೆ. ಇವರು ಒಂದನ್ನು ಕಂಪನಿಗೆ ಒಯ್ದು ಬಡಗಿಗಳಿಗೆ ತೋರಿಸಿ ಪೆಟ್ಟಿಗೆಯ ಅಳತೆ ಹೊಂದಿಸಿದರು. ಮನೆಯಲ್ಲಿ ಮತ್ತೆ ಮಾತು, ನಗು ಬಂದವು. ಎರಡು ದಿನ ಕಳೆದು ಬೆಳಿಗ್ಗೆ ಅಲಮಾರಿ ತೆರೆದರೆ ಬಾಗಿಲಿನ ಸಂದಿನಿಂದ ಕೆಂಪಿರುವೆಯ ಸಾಲು. ಹಿಂಬಾಲಿಸಿದೆ. ಸಾಲು ಮೇಲಿನ ಕೌದಿಯ ನಟ್ಟನಡುವೆ ಹೋಗಿ ಒಳಗಿಳಿಯುತ್ತಿತ್ತು.

ನಡುವಿನ ಹೊಲಿಗೆ ಬಿಚ್ಚಿದೆ. ಹೆಬ್ಬೆರಳಿನ ಉಗುರಿನಷ್ಟು ಜೋಳದ ರೊಟ್ಟಿಯ ತುಂಡು, ಅದರ ಮೇಲೆ ಬೆಲ್ಲದ ಚೂರು.

ಎರಡನೆಯದನ್ನು ಬಿಚ್ಚಿದೆ. ಅದರಲ್ಲೂ ಇತ್ತು. ಮೂರನೆಯದರಲ್ಲೂ.

"ಅತ್ತೀ!" ಎಂದ ನನ್ನ ದನಿಗೆ ಝೊಹರಾಳ ಮನೆ ಬಾಗಿಲೂ ತೆರೆಯಿತು.

ಅತ್ತೆ ಬಂದು ನೋಡಿದರು. ಅವರಿಗೆ ಗಾಬರಿಯೇ ಇಲ್ಲ. "ಯಾಕ ಬಿಚ್ಚಿದಿ? ಅದು ಕೌದಿ ಹೊಟ್ಟಿ. ಖಾಲಿ ಹೊಟ್ಟೀಲೆ ಕೌದಿ ಮುಚ್ಚತಾರೇನು? ನಮ್ಮವ್ವ, ನಮ್ಮಜ್ಜಿ ಎಲ್ಲಾರೂ ಒಂದ ತುತ್ತು ಇಟ್ಟ ಮುಚ್ಚಿದ್ದು. ಹಸಿದ ಕೌದಿ ಹೊಚಗೊಂಡವ್ರನ್ನ ಬೆಚ್ಚಗ ಇಡೂದಿಲ್ಲ. ಅದರಾಗ ಇವು ಊರು ಬಿಟ್ಟ ಮೂರ್ತಿ. ದಾರಿಗೆ ಒಂದ ತುತ್ತು ಬ್ಯಾಡೇನು?"

ನೆಲದ ಮೇಲೆ ಕೂತುಬಿಟ್ಟೆ. ಗಂಜಿಯೇ ಬೇಡ ಎಂದವರಿಗೆ ರೊಟ್ಟಿ ಬೆಲ್ಲ. ಮರದ ಹೆಂಗಸಿನ ಮೈಗೆ ಹುಳುವನ್ನು ನಾವೇ ಬುತ್ತಿ ಕಟ್ಟಿ ಕಳಿಸುವವರಿದ್ದೆವು.

ಇವರು ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿದೆ. ಹೋಗಿ ಹೊರಬಾಗಿಲು ಹಾಕಿ ಬಂದರು. ಆಮೇಲೆ ತಗ್ಗಿದ ದನಿಯಲ್ಲಿ, "ತೆಗದು ಮತ್ತ ಹೊಲದುಬಿಡು. ಆಕಿಗೆ ಯಾರು ಹೇಳ್ತಾರ?" ಎಂದರು.

"ಇರುವೆ ಕಣ್ಣಿಗೆ ಕಂಡವು. ಕಾಣದ ನುಸಿ ಒಳಗೆ ಕೂತಿದ್ರೆ? ಮುಂದಿನ ಊರಲ್ಲಿ ಪೆಟ್ಟಿಗೆ ತೆಗೆದಾಗ ಆ ಹೆಂಗಸಿನ ಮೊಣಕಾಲು ತೂತಾಗಿದ್ರೆ?"

"ಹೇಳಿದ್ರ ಇವತ್ತ ನನ್ನ ಕೆಲಸ ಹೋಗತದ, ಸುಮಿತ್ರಾ."

"ಹೇಳದಿದ್ರೆ ಆ ಮೂರ್ತಿ ನಮ್ಮ ಕೈಯಿಂದ ಹಾಳಾಗುತ್ತೆ. ಅದನ್ನ ಮತ್ತೆ ಯಾರೂ ಮಾಡಿಕೊಡೋಕೆ ಆಗಲ್ಲ. ಕೆಲಸಕ್ಕೆ ಬೇರೆ ಊರು ಇದೆ, ಪರೀಕ್ಷೆಗೆ ಬೇರೆ ಶಾಲೆ ಇದೆ. ಫೋನ್ ಕೊಡ್ರಿ."

ಅವರು ಕೊಡಲಿಲ್ಲ. ನಾನೇ ಅಂಗಿಯ ಜೇಬಿನಿಂದ ತೆಗೆದುಕೊಂಡೆ. ನನ್ನ ಇಂಗ್ಲಿಷು ಅಂಗಡಿಗೆ ಸಾಲುವಷ್ಟು. ರೊಟ್ಟಿ, ಬೆಲ್ಲ, ಇರುವೆ ಎಂದಷ್ಟೇ ಹೇಳಿದೆ. ರೂತಾ ಇನ್ನೊಮ್ಮೆ ಹೇಳಿಸಿ ಕೇಳಿಕೊಂಡರು. ಆಮೇಲೆ, "ಬರುತ್ತೇನೆ."

ಬಂದರು. ಅಷ್ಟರಲ್ಲಿ ನಾವು ಎಲ್ಲ ಕೌದಿಗಳ ಹೊಟ್ಟೆ ಬಿಚ್ಚಿ ರೊಟ್ಟಿ ತುಂಡುಗಳನ್ನು ಒಂದು ತಟ್ಟೆಯಲ್ಲಿ ಇಟ್ಟಿದ್ದೆವು. ರೂತಾ ತಟ್ಟೆ ನೋಡಿದರು. ಅತ್ತೆಯ ಮುಖ ನೋಡಿದರು. "ಯಾಕೆ?" ಎಂದು ಕೇಳಿದರು. ಅತ್ತೆ ನನಗೆ ಹೇಳಿದ್ದನ್ನೇ ಹೇಳಿದರು, ಒಂದು ಅಕ್ಷರ ಕಡಿಮೆ ಮಾಡಲಿಲ್ಲ. ಸ್ಮಿತಾ ತಗ್ಗಿದ ತಲೆಯಲ್ಲೇ ಇಂಗ್ಲಿಷಿಗೆ ತಂದಳು. ಊರು ಬಿಟ್ಟವರು, ದಾರಿಗೆ ಒಂದು ತುತ್ತು ಎಂಬಲ್ಲಿ ತಲೆ ಎತ್ತಿ ಅಜ್ಜಿಯನ್ನು ನೋಡಿದಳು.

ರೂತಾ ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಊರಿನಲ್ಲಿ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಉಂಡಾದ ಮೇಲೆ ಮೇಜು ತೆಗೆಯುವುದಿಲ್ಲ, ತೀರಿಹೋದವರು ಬಂದು ಉಣ್ಣಲಿ ಎಂದು ಊಟ ಹಾಗೆಯೇ ಬಿಡುತ್ತೇವೆ ಎಂದರು. ಅದನ್ನು ಕೇಳಿ ಅತ್ತೆ, "ಮತ್ತ! ನಾ ಏನ ಹೇಳಿದೆ?" ಎಂದು ನನ್ನ ಕಡೆ ಕೈ ತಿರುವಿದರು.

ಆದರೆ ರೂತಾ ಎದ್ದು ನಿಂತಾಗ ಅವರ ದನಿ ಬೇರೆಯಾಗಿತ್ತು. "ತಿಂಡಿ ಮಾತ್ರ ಇರಕೂಡದು. ಈ ಬಟ್ಟೆಯನ್ನು ಹೀಗೇ ನಾನು ಒಪ್ಪಲಾರೆ. ಒಂದು ವಾರ ಡೀಪ್ ಫ್ರೀಜರಿನಲ್ಲಿಡಬೇಕು. ಹುಳು, ಮೊಟ್ಟೆ ಎಲ್ಲ ಸಾಯುತ್ತವೆ. ಆಮೇಲೆ ನೋಡುತ್ತೇನೆ. ಅಷ್ಟು ದೊಡ್ಡ ಫ್ರೀಜರ್ ಎಲ್ಲಿದೆ?"

ನಾನು ಝೊಹರಾಳನ್ನು ನೋಡಿದೆ. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಕೋಲ್ಡ್ ಸ್ಟೋರಿನ ಉದ್ದನೆಯ ಫ್ರೀಜರಿನಲ್ಲಿ ಕೋಳಿ, ಪರೋಟ, ಬಟಾಣಿ. ಹಮೀದ್ ಸೊಂಟಕ್ಕೆ ಕೈಯಿಟ್ಟು ನಿಂತರು. "ನನ್ನ ಮುಂಡು ಹೋಯ್ತು, ಸುಮ್ಮನಿದ್ದೆ. ಈಗ ಕೋಳಿ ಎಲ್ಲಿ ಇಡುದು, ನಿನ್ನ ತಲೆಯ ಮೇಲಾ?"

"ಅರ್ಧ ದರಕ್ಕೆ ಮಾರಿ. ಇವತ್ತು ಜಿಂಜಲ್ಲಿ ಎಲ್ಲರ ಮನೆಯಲ್ಲೂ ಕೋಳಿ ಸಾರು," ಎಂದಳು ಝೊಹರಾ. "ಈ ಹುಡುಗಿ ಇಲ್ಲೇ ಕೂತು ಪರೀಕ್ಷೆ ಬರೀಬೇಕು. ನಿಮ್ಗೆ ಕೋಳಿಯ ಚಿಂತೆ."

ಹಮೀದ್ ಏನೋ ಗೊಣಗುತ್ತ ತಾವೇ ಕೋಳಿ ಎತ್ತಿದರು. ಫ್ರೀಜರನ್ನು ಬಿಸಿನೀರು ಹಾಕಿ ಒರೆಸಿದೆವು. ಕೌದಿಗಳನ್ನು ಎರಡೆರಡು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಇಳಿಸಿದೆವು. ಆ ವಾರವಿಡೀ ಐಸ್‌ಕ್ರೀಮ್ ಕೇಳಿ ಬಂದ ಮಕ್ಕಳು ಗಾಜಿನಲ್ಲಿ ಇಣುಕಿ, "ಅಂಕಲ್, ಇದರಲ್ಲಿ ಎಂತ ಉಂಟು?" ಎಂದರೆ ಹಮೀದ್, "ದೊಡ್ಡ ದೊಡ್ಡ ಜನರ ಹಾಸಿಗೆ," ಎನ್ನುತ್ತಿದ್ದರಂತೆ.

ವಾರದ ಮೇಲೆ ತೆಗೆದು, ಆರಲು ಬಿಟ್ಟು, ರೂತಾ ಭೂತಗನ್ನಡಿ ಹಿಡಿದು ಅಂಚಂಚನ್ನೂ ನೋಡಿದರು. ತಲೆಯಾಡಿಸಿದರು. ನಡುವಿನ ಹೊಟ್ಟೆಗಳನ್ನು ನಾನು ಹೊಲಿದು ಮುಚ್ಚಿದೆ. ಅತ್ತೆ ಸೂಜಿ ಮುಟ್ಟಲಿಲ್ಲ. ಹಸಿದ ಕೌದಿಗೆ ತಾನು ಗಂಟು ಹಾಕುವುದಿಲ್ಲವೆಂದು ಕಿಟಕಿಯ ಕಡೆ ತಿರುಗಿ ಕೂತರು.

ಪೆಟ್ಟಿಗೆಗೆ ಹಾಕುವ ದಿನ ನಸುಕಿನಲ್ಲೇ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಎದ್ದು ನೋಡಿದರೆ ಬುಟ್ಟಿ ತುಂಬಿದೆ.

"ಇಷ್ಟ್ಯಾಕ್ರೀ ಅತ್ತೀ?"

"ಕೌದಿ ಉಣಬಾರದಂದ್ರ ಬ್ಯಾಡ. ಹೊರುವವರರ ಉಣ್ಲಿ. ನನ್ನ ಕರಕೊಂಡ ನಡಿ."

ಮೀನಾ ಸಲ್ಮಾನಿನ ಶೆಡ್ಡಿನ ಹೊರಗೆ, ಗೋಡೆಯ ನೆರಳಿನಲ್ಲಿ ಅತ್ತೆ ಬುಟ್ಟಿ ಬಿಚ್ಚಿ ಕೂತರು. ಒಳಗೆ ತಿಂಡಿ ತರಬಾರದೆಂದು ನಾನು ಮೊದಲೇ ಹೇಳಿದ್ದೆ, ಹೊಸ್ತಿಲು ದಾಟಲಿಲ್ಲ. ಬಂಗಾಳದವರು, ಕೇರಳದವರು, ಆಂಧ್ರದವರು, ಬಡಗಿಗಳು, ಹೊರುವವರು ಒಬ್ಬೊಬ್ಬರಾಗಿ ಬಂದರು. ರೊಟ್ಟಿಯ ಮೇಲೆ ಬೆಲ್ಲ, ಒಂದು ಚಮಚ ತುಪ್ಪ. "ಖಾವ್, ಖಾವ್," ಎಂದು ತಮಗೆ ಬಂದ ಒಂದೇ ಹಿಂದಿಯಲ್ಲಿ ಬಡಿಸಿದರು. ತಿಂದವರನ್ನೆಲ್ಲ ನಲ್ಲಿಗೆ ಕಳಿಸಿ ಕೈ ತೊಳೆಸಿದೆ, ಸೋಪು ಹಾಕಿ, ಮಕ್ಕಳಿಗೆ ಹೇಳಿದಂತೆ. ಕಡೆಗೆ ರೂತಾ ಬಂದು ಅತ್ತೆಯ ಪಕ್ಕ ನೆಲದ ಮೇಲೇ ಕೂತು ಕೈಗವಸು ಕಳಚಿ ಕೈ ಚಾಚಿದರು.

ಬಾಗಿಲ ಸಂದಿನಿಂದ ಒಳಗೆ ನೋಡಿದೆ. ಇವರು ಕಂಚಿನವನನ್ನು ತಾವೇ ಎತ್ತಿ ಬಿಳಿ ಕೌದಿಯ ಮೇಲೆ ಇಳಿಸಿದರು. ಬೆನ್ನ ಮೇಲೆ ಕಲೆಯೇ ಇರಲಿಲ್ಲ, ಅಥವಾ ನನ್ನ ಕಣ್ಣಿಗೆ ಕಾಣಲಿಲ್ಲ. ಕಲ್ಲಿನ ಮಗುವಿಗೆ ಕುಲಾವಿಯಂತೆ ಸುತ್ತಿದರು. ಮರದ ಹೆಂಗಸಿನ ಮೊಣಕಾಲಿನ ಸುತ್ತ ಝೊಹರಾಳ ಸೊಟ್ಟ ಗೆರೆಯ ಕೌದಿ ಸೇರಿತು. ಮುಚ್ಚಳದ ಕಡೆಯ ಸ್ಕ್ರೂ ಬಿಗಿಯುವ ತನಕ ಇವರು ಉಸಿರು ಬಿಟ್ಟದ್ದು ನಾನು ನೋಡಲಿಲ್ಲ.

ಅರಬಾಬ್ ಹೊರಗೇ ಕಾರಿನ ಹತ್ತಿರ ಕಾಯುತ್ತಿದ್ದರು. ರೂತಾ ಹೋಗಿ ಮಾತಾಡಿದರು. ನಮಗೆ ಕೇಳಿಸುವಷ್ಟು ಹತ್ತಿರವಿರಲಿಲ್ಲ. ಇವರು ನನ್ನ ಪಕ್ಕ ಬಂದು ನಿಂತರು. ಅರಬಾಬ್ ಇವರ ಕಡೆ ನೋಡಿ ಕೈಯೆತ್ತಿ, "ಯಾ ಮೊಹಂದಿಸ್! ಮುಂದಿನ ಸಲವೂ ನೀನೇ ಬೇಕಂತೆ. ಖಲಾಸ್, ಕೆಲಸಕ್ಕೆ ಹೋಗು!" ಎಂದು ಕೂಗಿದರು. ಇಂಜಿನಿಯರನೇ ಎಂದು ಅವರು ಇವರನ್ನು ಕರೆದದ್ದು ಅದೇ ಮೊದಲು, ಇವರದು ಡಿಪ್ಲೊಮಾ.

ಅತ್ತೆ ಖಾಲಿ ಬುಟ್ಟಿ ಕೊಡವಿದರು. "ಏನಂದ ಅಂವ?"

"ಇರು ಅಂದ, ಅವ್ವಾ."

"ಇರ್ತೀವಿ, ಅಂವ ಏನ ಹೇಳೂದು," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಅವತ್ತು ಸಂಜೆ ಮನೆಯಲ್ಲಿ ಒಂದು ರೊಟ್ಟಿಯೂ ಉಳಿದಿರಲಿಲ್ಲ. ಬಿಸಿ ಅನ್ನ ಮಾಡಿದೆ; ಮೊಸರು, ಶೇಂಗಾ ಚಟ್ನಿಪುಡಿ, ಝೊಹರಾ ಕಳಿಸಿದ ಮಾವಿನ ಉಪ್ಪಿನಕಾಯಿ. ಸ್ಮಿತಾ ಪುಸ್ತಕಗಳನ್ನು ಮತ್ತೆ ತನ್ನ ಮೇಜಿನ ಮೇಲೆ ಜೋಡಿಸಿಕೊಂಡು ಅಲ್ಲಿಗೇ ತಟ್ಟೆ ಒಯ್ದಳು. ಇವರು ಎರಡನೆಯ ಸಲ ಅನ್ನ ಕೇಳಿದರು. ನಾನು ಬಡಿಸಲು ಬರುವಷ್ಟರಲ್ಲಿ ಕೈ ತೊಳೆಯದೆ ಹಾಲಿನ ಚಾಪೆಯ ಮೇಲೇ ಒರಗಿ ನಿದ್ದೆ ಹೋಗಿದ್ದರು. ಎಷ್ಟೋ ವಾರಗಳ ನಿದ್ದೆ ಅದು. ಎಸಿಯ ಗಾಳಿ ನೇರ ಅವರ ಮೇಲೇ ಬೀಸುತ್ತಿತ್ತು.

ಅತ್ತೆ ಈ ನಡುವೆ ತಾವೇ ಹೊಲಿದು ಮುಗಿಸಿದ್ದ ಬಣ್ಣದ ಕೌದಿಯನ್ನು ಒಳಗಿನಿಂದ ತಂದರು. ಕೆಂಪು ಬಿಟ್ಟಿತೆಂದು ರೂತಾ ಬೇಡವೆಂದದ್ದು, ಯಾರೂ ಹೊಟ್ಟೆ ಬಿಚ್ಚದೆ ಉಳಿದದ್ದು ಅದೊಂದೇ. ಮಗನ ಹೆಗಲ ತನಕ ಎಳೆದು ಹೊಚ್ಚಿ, ನಡುವಿನ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದು ಉಂಡೇತಿ," ಎಂದು ದೀಪ ಆರಿಸಿದರು.